ಮೂರು ಜನರ ಟೀಮಿಗೆ ಯಾವ ಬಿಲ್ಡ್ ಟೂಲ್? ಆಂಟ್ ಬಿಟ್ಟು ಮೇವನ್‌ಗೆ ಹೋಗಬೇಕಾ, ಗ್ರೇಡಲ್‌ಗಾ?

ಕಲ್ಪತರು_ಕೋಡ್ (ತುಮಕೂರು)

ಎಲ್ಲರಿಗೂ ನಮಸ್ಕಾರ. ನಾವು ಮೂರು ಜನ ಸೇರಿ ತುಮಕೂರಿನ ಎಸ್.ಎಸ್. ಪುರಂನಲ್ಲಿ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸ್ ನಡೆಸುತ್ತಿದ್ದೇವೆ. ತಿಪಟೂರು ಕಡೆಯ ಕೊಬ್ಬರಿ ಮಂಡಿಗಳಿಗೆ ಲೆಕ್ಕದ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಮಂಡಿಯ ಕಂಪ್ಯೂಟರ್‌ನಲ್ಲಿ ಒಂದು ಜಾವಾ ಡೆಸ್ಕ್‌ಟಾಪ್ ಪ್ರೋಗ್ರಾಂ ಇದೆ, ನಮ್ಮ ಕಡೆ ಒಂದು ಸ್ಪ್ರಿಂಗ್ ಬೂಟ್ ಸರ್ವರ್, ರೈತರು ತಮ್ಮ ಮಾಲು ಎಷ್ಟಕ್ಕೆ ಹೋಯಿತು ಅಂತ ನೋಡಿಕೊಳ್ಳಲು ಒಂದು ಆಂಡ್ರಾಯ್ಡ್ ಆಪ್.

ಡೆಸ್ಕ್‌ಟಾಪ್ ಮತ್ತು ಸರ್ವರ್ ಎರಡೂ ಇನ್ನೂ ಆಂಟ್ ಅನ್ನುವ ಬಿಲ್ಡ್ ಟೂಲಿನಲ್ಲಿವೆ (ಬರೆದ ಕೋಡನ್ನು ಕಂಪೈಲ್ ಮಾಡಿ, ಅಂದರೆ ಕಂಪ್ಯೂಟರ್ ಓಡಿಸುವ ರೂಪಕ್ಕೆ ತಂದು, ಪ್ರೋಗ್ರಾಂ ಜೋಡಿಸಿಕೊಡುವ ಟೂಲ್). ಬಿಲ್ಡ್ ಫೈಲ್ 1,140 ಸಾಲು. ಬರೆದವರು ಈಗ ನಮ್ಮ ಜೊತೆ ಇಲ್ಲ, ಒಳಗೆ ಅಲ್ಲಲ್ಲಿ ಅವರ ಲ್ಯಾಪ್‌ಟಾಪಿನ ಡಿ ಡ್ರೈವ್ ಪಾತ್ ಹಾಗೇ ಇದೆ, ಅದಕ್ಕೆ ನಾವೂ ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಅದೇ ಹೆಸರಿನ ಫೋಲ್ಡರ್ ಮಾಡಿಟ್ಟುಕೊಂಡು ಇಷ್ಟು ದಿನ ತಳ್ಳಿದ್ದೇವೆ. ಲಿಬ್ ಫೋಲ್ಡರಿನಲ್ಲಿ 64 ಜಾರ್ (ಸಿದ್ಧ ಜಾವಾ ಕೋಡಿನ ಕಟ್ಟುಗಳು) ಇವೆ. ಅರ್ಧಕ್ಕೆ ವರ್ಷನ್ ನಂಬರೇ ಇಲ್ಲ.

ಕಳೆದ ತಿಂಗಳು ಆಗಿದ್ದನ್ನು ಹೇಳಿಬಿಡುತ್ತೇನೆ. ಸೆಸ್ ದರ ಬದಲಾಯಿಸಬೇಕಿತ್ತು. ಬದಲಾಗದ ನಂಬರ್‌ಗಳನ್ನು ಬರೆದಿಡುವ ಕಾನ್‌ಸ್ಟಂಟ್ ಫೈಲಿನಲ್ಲಿ ಒಂದೇ ಒಂದು ಸಾಲು. ಅದರ ಜೊತೆ ಬಿಲ್ಲಿಂಗ್ ಸ್ಕ್ರೀನಿನ ಒಂದು ಲೇಬಲ್ಲೂ ತಿದ್ದಿದೆವು. ಆಂಟ್ ಓಡಿಸಿದೆವು, ಬಿಲ್ಡ್ ಸಕ್ಸಸ್‌ಫುಲ್ ಅಂತ ಬಂತು, ರಾತ್ರಿಯೇ ಮಂಡಿಗೆ ಹಾಕಿದೆವು. ಬೆಳಿಗ್ಗೆ ಹರಾಜು ಮುಗಿದು ರೈತರು ಕೌಂಟರ್ ಮುಂದೆ ನಿಂತಿದ್ದಾಗ ಮಂಡಿ ಯಜಮಾನರ ಫೋನ್ ಬಂತು. ಸ್ಕ್ರೀನ್ ಮೇಲೆ ಹೊಸ ದರ ತೋರಿಸುತ್ತಿದೆ, ಪ್ರಿಂಟ್ ಆಗಿ ಬರುವ ಚೀಟಿಯಲ್ಲಿ ಹಳೆಯ ದರ! ಒಂದೇ ಪ್ರೋಗ್ರಾಂ, ಒಂದೇ ಕಾನ್‌ಸ್ಟಂಟ್, ಎರಡು ಲೆಕ್ಕ. ನನಗೆ ಬೆವರು ಕಿತ್ತು ಬಂತು. ಕೋಡ್ ನೋಡಿದರೆ ಸರಿಯಾಗೇ ಇದೆ. ಯಾಕೆ ಹೀಗಾಯಿತು ಅಂತ ಈಗಲೂ ಪೂರ್ತಿ ಅರ್ಥ ಆಗಿಲ್ಲ.

ಇನ್ನು ಇದನ್ನು ಹೀಗೇ ಬಿಡಬಾರದು ಅಂತ ತೀರ್ಮಾನ ಮಾಡಿದ್ದೇವೆ. ಒಬ್ಬರು ಮೇವನ್ ಅನ್ನುತ್ತಾರೆ, ಒಬ್ಬರು ಗ್ರೇಡಲ್ ಅನ್ನುತ್ತಾರೆ, ಬೆಂಗಳೂರಿನಲ್ಲಿರುವ ಗೆಳೆಯ ಬೇಜಲ್ ನೋಡು ಅನ್ನುತ್ತಾನೆ. ಇಂಟರ್ನ್‌ಶಿಪ್‌ಗೆ ಬಂದ ಹುಡುಗಿ "ಜೆಂಕಿನ್ಸ್ ಹಾಕಿದರೆ ಸಾಕಲ್ವಾ ಸರ್" ಅಂತ ಕೇಳಿದಳು, ನನಗೆ ಸರಿಯಾಗಿ ಉತ್ತರ ಹೇಳಲು ಆಗಲಿಲ್ಲ. ನಮ್ಮಲ್ಲಿ ಎರಡು ಲ್ಯಾಪ್‌ಟಾಪ್ 8 ಜಿಬಿ ರ‍್ಯಾಮಿನವು. ಕರೆಂಟ್ ಹೋದರೆ ಮೊಬೈಲ್ ಹಾಟ್‌ಸ್ಪಾಟೇ ಗತಿ. ಯಾವುದು ಚೆನ್ನಾಗಿದೆ ಅನ್ನುವುದಕ್ಕಿಂತ ಯಾವುದರಲ್ಲಿ ಏನು ತೊಂದರೆ ಅಂತ ಬಳಸಿದವರು ಹೇಳಿದರೆ ತುಂಬಾ ಉಪಕಾರ.

---

ಶಿರಾಗೇಟ್_ಸರ್ವರ್ (ತುಮಕೂರು)

ನಮ್ಮೂರಿನವರೇ, ಮೊದಲು ನಿಮ್ಮ ಸೆಸ್ ವಿಷಯ ಬಿಡಿಸೋಣ. ಇದು ನನಗೂ ಆಗಿದೆ, ಅದಕ್ಕೇ ಓದುತ್ತಿದ್ದ ಹಾಗೇ ಗೊತ್ತಾಯಿತು.

ಜಾವಾದಲ್ಲಿ ಸ್ಟ್ಯಾಟಿಕ್ ಫೈನಲ್ ಅಂತ ಒಂದು ನಂಬರ್ ಬರೆದರೆ, ಅದನ್ನು ಬಳಸುವ ಕ್ಲಾಸ್ ಕಂಪೈಲ್ ಆಗುವಾಗ ಆ ನಂಬರೇ ನೇರವಾಗಿ ಆ ಕ್ಲಾಸಿನ ಒಳಗೆ ಅಂಟಿಕೊಂಡು ಬಿಡುತ್ತದೆ. ಆಮೇಲೆ ಕಾನ್‌ಸ್ಟಂಟ್ ಫೈಲಿಗೂ ಅದಕ್ಕೂ ಸಂಬಂಧ ಇರುವುದಿಲ್ಲ. ಇನ್ನು ಆಂಟ್ ಏನು ಮಾಡುತ್ತದೆ ಅಂದರೆ ಜಾವಾ ಫೈಲ್ ಮತ್ತು ಅದು ಕಂಪೈಲ್ ಆಗಿ ಹುಟ್ಟುವ ಕ್ಲಾಸ್ ಫೈಲ್ ಎರಡರ ಟೈಮ್ ನೋಡುತ್ತದೆ, ಯಾವ ಜಾವಾ ಫೈಲ್ ಹೊಸದೋ ಅದನ್ನು ಮಾತ್ರ ಮತ್ತೆ ಕಂಪೈಲ್ ಮಾಡುತ್ತದೆ. ನೀವು ಕಾನ್‌ಸ್ಟಂಟ್ ಫೈಲ್ ಮುಟ್ಟಿದಿರಿ, ಸ್ಕ್ರೀನ್ ಫೈಲಿನ ಲೇಬಲ್ ಮುಟ್ಟಿದಿರಿ. ಅವೆರಡೂ ಹೊಸದಾದವು. ಪ್ರಿಂಟ್ ಮಾಡುವ ಕ್ಲಾಸ್ ಮುಟ್ಟಲಿಲ್ಲ, ಅದರ ಹೊಟ್ಟೆಯಲ್ಲಿ ಹಳೆಯ ದರವೇ ಉಳಿಯಿತು. ಅಷ್ಟೇ. ಆಂಟ್‌ನಲ್ಲಿ ಡಿಪೆಂಡ್ ಅಂತ ಒಂದು ಟಾಸ್ಕ್ ಇದೆ, ಆದರೆ ಅದು ಕ್ಲಾಸ್ ಫೈಲ್ ಓದಿ ಸಂಬಂಧ ಹುಡುಕುವಂಥದ್ದು, ಅಂಟಿಕೊಂಡ ನಂಬರ್ ಅದಕ್ಕೂ ಕಾಣುವುದಿಲ್ಲ. ಹಾಗಾಗಿ ಇವತ್ತೇ ಒಂದು ಕೆಲಸ ಮಾಡಿ: ರಿಲೀಸ್ ಟಾರ್ಗೆಟ್ಟಿಗೆ ಮುಂಚೆ ಕ್ಲೀನ್ (ಹಳೆಯ ಕ್ಲಾಸ್ ಫೈಲುಗಳನ್ನೆಲ್ಲ ಅಳಿಸುವುದು) ಕಡ್ಡಾಯ ಮಾಡಿ. ಟೂಲ್ ಬದಲಾಯಿಸುವುದು ಆಮೇಲೆ.

ಆಂಟನ್ನು ಬೈಯುವುದು ನನಗೆ ಇಷ್ಟ ಇಲ್ಲ. 2000ದಲ್ಲಿ ಅದು ಬಂದಾಗ ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಒಂದೇ ಥರ ಓಡುವ ಬಿಲ್ಡ್ ಸಿಕ್ಕಿದ್ದೇ ದೊಡ್ಡ ವಿಷಯ. ಏನು ಬೇಕಾದರೂ ಮಾಡಿಸಬಹುದು. ಆದರೆ ಎಲ್ಲವನ್ನೂ ನಾವೇ ಹೇಳಬೇಕು, ಕಾಪಿ ಮಾಡು, ಕಂಪೈಲ್ ಮಾಡು, ಜಿಪ್ ಮಾಡು ಅಂತ ಒಂದೊಂದು ಹೆಜ್ಜೆಯೂ. ಅದಕ್ಕೇ ಒಬ್ಬರ ಆಂಟ್ ಫೈಲ್ ಇನ್ನೊಬ್ಬರಿಗೆ ಅರ್ಥ ಆಗುವುದಿಲ್ಲ. ಜಾರ್ ತರಿಸುವ ಕೆಲಸ ಅದರದ್ದಲ್ಲ, ಅದಕ್ಕೆ ಐವಿ ಅನ್ನುವ ಇನ್ನೊಂದು ಟೂಲ್ ಜೋಡಿಸಿಕೊಳ್ಳಬೇಕು.

ಮೇವನ್ ಇದಕ್ಕೆ ಪೂರ್ತಿ ಉಲ್ಟಾ. ಸೋರ್ಸ್ ಎಲ್ಲಿರಬೇಕು, ಟೆಸ್ಟ್ ಎಲ್ಲಿರಬೇಕು, ಮೊದಲು ಕಂಪೈಲ್, ಆಮೇಲೆ ಟೆಸ್ಟ್, ಆಮೇಲೆ ಪ್ಯಾಕೇಜ್, ಎಲ್ಲ ಅದೇ ತೀರ್ಮಾನ ಮಾಡಿದೆ. ನಾಳೆ ನಿಮ್ಮ ಆಫೀಸಿಗೆ ಹೊಸಬರು ಬಂದರೆ ಪಾಮ್ ಫೈಲ್ (ಮೇವನ್‌ನ ಬಿಲ್ಡ್ ಫೈಲ್) ತೆರೆದು ಹತ್ತು ನಿಮಿಷದಲ್ಲಿ ಕೆಲಸ ಶುರು ಮಾಡುತ್ತಾರೆ, ಯಾಕೆಂದರೆ ಎಲ್ಲ ಕಡೆ ಅದೇ ನಕ್ಷೆ. ನಿಮ್ಮ ಸೆಸ್ ತೊಂದರೆಯೂ ಒಂದು ಮಾಡ್ಯೂಲ್ (ಪ್ರಾಜೆಕ್ಟಿನ ಒಂದು ಭಾಗ) ಒಳಗೆ ಬರುವುದಿಲ್ಲ, ಏಕೆಂದರೆ ಒಂದು ಫೈಲ್ ಬದಲಾದರೂ ಅದು ಇಡೀ ಮಾಡ್ಯೂಲನ್ನೇ ಮತ್ತೆ ಕಂಪೈಲ್ ಮಾಡುತ್ತದೆ. ಆದರೆ ಹಲವು ಮಾಡ್ಯೂಲ್ ಮಾಡಿಕೊಂಡು, ಸಮಯ ಉಳಿಸಲು ಒಂದನ್ನೇ ಬಿಲ್ಡ್ ಮಾಡುವ ಅಭ್ಯಾಸ ಬಂದರೆ ಮತ್ತೆ ಅದೇ ಗುಂಡಿಗೆ ಬೀಳುತ್ತೀರಿ, ಹುಷಾರು.

ಕಷ್ಟಗಳೂ ಇವೆ. ಒಂದೇ ಲೈಬ್ರರಿಯ ಎರಡು ವರ್ಷನ್ ಬೇರೆ ಬೇರೆ ದಾರಿಯಿಂದ ಬಂದರೆ ಮೇವನ್ ಹತ್ತಿರದ್ದನ್ನು ತೆಗೆದುಕೊಳ್ಳುತ್ತದೆ, ಹೊಸದನ್ನಲ್ಲ. ನಾನು ಒಂದು ಸಲ ಪೂರ್ತಿ ಎರಡು ದಿನ ಕಳೆದುಕೊಂಡಿದ್ದೇನೆ. ಕಂಪೈಲ್ ಎಲ್ಲ ಸರಿ, ಓಡಿಸಿದಾಗ ಮಾತ್ರ ಮೆಥಡ್ ಇಲ್ಲ ಅನ್ನುವ ಎರರ್. ಕೊನೆಗೆ ಡಿಪೆಂಡೆನ್ಸಿ ಟ್ರೀ ತೆಗೆದು ನೋಡಿದರೆ ಹಳೆಯ ಜೇಸನ್ ಲೈಬ್ರರಿ ಒಂದು ಹೆಜ್ಜೆ ಹತ್ತಿರ ಕೂತಿತ್ತು. ಇದಕ್ಕೆ ಎನ್‌ಫೋರ್ಸರ್ ಪ್ಲಗಿನ್ (ಮೇವನ್‌ಗೆ ಜೋಡಿಸುವ ಹೆಚ್ಚುವರಿ ತುಣುಕು) ಹಾಕಿಟ್ಟುಕೊಳ್ಳಿ, ವರ್ಷನ್ ಜಗಳ ಇದ್ದರೆ ಬಿಲ್ಡನ್ನೇ ನಿಲ್ಲಿಸುತ್ತದೆ. ಇನ್ನೊಂದು, ಸ್ವಲ್ಪ ವಿಚಿತ್ರವಾದ ಕೆಲಸ ಮಾಡಿಸಬೇಕು ಅಂದರೆ, ಉದಾಹರಣೆಗೆ ಒಂದು ಫೈಲಿನಲ್ಲಿ ಎರಡು ಸಾಲು ತಿದ್ದಿ ಬೇರೆ ಕಡೆ ಇಡಬೇಕು ಅಂದರೆ, ಅದಕ್ಕೊಂದು ಪ್ಲಗಿನ್, ಆ ಪ್ಲಗಿನ್‌ಗೆ ಮೂವತ್ತು ಸಾಲು ಎಕ್ಸ್‌ಎಂಎಲ್. ಪ್ಲಗಿನ್‌ಗಳ ವರ್ಷನ್ನೂ ಬರೆದಿಡಿ.

ನೆಟ್ ವಿಷಯ: ಹೊರಡುವ ಮುಂಚೆ, ಬೇಕಾದ ಜಾರ್‌ಗಳನ್ನು ಮೊದಲೇ ಇಳಿಸಿಕೊಳ್ಳುವ ಗೋ ಆಫ್‌ಲೈನ್ ಕಮಾಂಡ್ ಕೊಟ್ಟರೆ ಸಾಕು ಅಂತ ಎಲ್ಲರೂ ಹೇಳುತ್ತಾರೆ. ಸಾಕಾಗುವುದಿಲ್ಲ. ಟೆಸ್ಟ್ ಓಡಿಸುವ ಪ್ಲಗಿನ್ ತನಗೆ ಬೇಕಾದ ಜೆಯೂನಿಟ್ (ಟೆಸ್ಟ್ ಬರೆಯುವ ಲೈಬ್ರರಿ) ತುಣುಕನ್ನು ಟೆಸ್ಟ್ ಶುರುವಾಗುವ ಹೊತ್ತಿಗೆ ತರಿಸುತ್ತದೆ. ನೆಟ್ ಇದ್ದಾಗ ಒಂದು ಸಲ ಟೆಸ್ಟ್ ಸಮೇತ ಪೂರ್ತಿ ಬಿಲ್ಡ್ ಮಾಡಿಬಿಡಿ, ಆಮೇಲೆ ಆಫ್‌ಲೈನ್.

ನಿಮ್ಮ ಸರ್ವರ್‌ಗೂ ಡೆಸ್ಕ್‌ಟಾಪ್‌ಗೂ ನನ್ನ ಓಟು ಮೇವನ್‌ಗೆ.

---

ನಂದಿ_ತಪ್ಪಲು (ಚಿಕ್ಕಬಳ್ಳಾಪುರ)

ಶಿರಾಗೇಟ್ ಮೇಡಂ ಹೇಳಿದ್ದರಲ್ಲಿ ಜಾಸ್ತಿ ಒಪ್ಪುತ್ತೇನೆ, ಆದರೆ ಗ್ರೇಡಲ್ ಪರವಾಗಿ ಯಾರಾದರೂ ಮಾತಾಡಬೇಕಲ್ವಾ. ನಾನು ಶಿಡ್ಲಘಟ್ಟದ ರೇಷ್ಮೆ ವ್ಯಾಪಾರಿಗಳಿಗೆ ಆಂಡ್ರಾಯ್ಡ್ ಆಪ್ ಮಾಡಿಕೊಡುತ್ತೇನೆ, ಹಾಗಾಗಿ ದಿನವೂ ಅದರ ಜೊತೆಗೇ ಬದುಕು. ಆಂಡ್ರಾಯ್ಡ್ ಸ್ಟುಡಿಯೋ ಬಂದಾಗಿನಿಂದ ಅದೇ ಅಲ್ಲಿನ ಬಿಲ್ಡ್ ಟೂಲ್. ನಿಮ್ಮ ಆಪಿಗೂ ಗ್ರೇಡಲ್ ಇದ್ದೇ ಇರುತ್ತದೆ, ಬಿಡಿಸಲು ಹೋಗಬೇಡಿ.

ನನಗೆ ಅದರಲ್ಲಿ ನಿಜವಾಗಿಯೂ ಇಷ್ಟ ಆಗುವುದು ಒಂದು ವಿಷಯ. ಅದು ಫೈಲಿನ ಟೈಮ್ ನೋಡಿ ನಂಬುವುದಿಲ್ಲ, ಒಳಗಿನ ಅಕ್ಷರಗಳ ಹ್ಯಾಶ್ (ಅವುಗಳಿಂದ ಲೆಕ್ಕ ಹಾಕಿ ತೆಗೆದ ಗುರುತಿನ ಸಂಖ್ಯೆ) ನೋಡುತ್ತದೆ. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ ಬ್ರಾಂಚ್ ಬದಲಾಯಿಸಿ ವಾಪಸ್ ಬಂದರೆ ಫೈಲಿನ ಟೈಮೆಲ್ಲ ಹೊಸದಾಗಿರುತ್ತದೆ, ಆದರೂ ಒಳಗೆ ಏನೂ ಬದಲಾಗಿಲ್ಲ ಅಂತ ಅದಕ್ಕೆ ಗೊತ್ತಿರುತ್ತದೆ. ಬಿಲ್ಡ್ ಕ್ಯಾಶ್ ಆನ್ ಮಾಡಿದ್ದರೆ ಹಿಂದೆ ಮಾಡಿದ್ದನ್ನೇ ಎತ್ತಿಕೊಡುತ್ತದೆ. ಕಾನ್‌ಸ್ಟಂಟ್ ಬದಲಾದರೆ ಯಾರ‍್ಯಾರಿಗೆ ಮುಟ್ಟುತ್ತದೆ ಅಂತಲೂ ಲೆಕ್ಕ ಇಡುತ್ತದೆ. ನಿಮ್ಮ ಸೆಸ್ ಕಥೆ ಇಲ್ಲಿ ಆಗುತ್ತಿರಲಿಲ್ಲ. ವರ್ಷನ್ ಜಗಳ ಬಂದರೆ ಹೊಸ ವರ್ಷನ್ ಗೆಲ್ಲುತ್ತದೆ. ಇದೂ ಯಾವಾಗಲೂ ಸರಿ ಅಂತ ಅಲ್ಲ, ಕೇಳದೆ ಲೈಬ್ರರಿ ಮೇಲಕ್ಕೆ ಹೋಗಿಬಿಡುತ್ತದೆ.

ಈಗ ನೋವು. ಮೊದಲನೆಯದು ರ‍್ಯಾಮ್. ಗ್ರೇಡಲ್ ವೇಗ ಬರುವುದೇ ಡೀಮನ್ ಅನ್ನುವ ಪ್ರೊಸೆಸ್ ಹಿಂದೆ ಕೂತಿರುವುದರಿಂದ. ಕೆಲಸ ಇಲ್ಲದಿದ್ದರೂ ಮೂರು ಗಂಟೆ ಕಾಲ ಅದು ಮೆಮೊರಿ ಬಿಡುವುದಿಲ್ಲ. ಆಂಡ್ರಾಯ್ಡ್ ಸ್ಟುಡಿಯೋ ಹೊಸ ಪ್ರಾಜೆಕ್ಟ್‌ಗೆ ಅದಕ್ಕೆ 2 ಜಿಬಿ ಬಿಟ್ಟುಕೊಟ್ಟಿರುತ್ತದೆ, ಕಾಟ್ಲಿನ್ ಭಾಷೆಗೆ ಇನ್ನೊಂದು ಡೀಮನ್, ಸ್ಟುಡಿಯೋ ತನ್ನದೇ ಬೇರೆ, ಅದರ ಮೇಲೆ ಎಮ್ಯುಲೇಟರ್ (ಕಂಪ್ಯೂಟರಿನೊಳಗಿನ ನಕಲಿ ಫೋನ್) ಹಾಕಿದರೆ 8 ಜಿಬಿ ಲ್ಯಾಪ್‌ಟಾಪ್ ಮೌಸ್ ಕೂಡ ಅಲ್ಲಾಡಿಸುವುದಿಲ್ಲ. ನಾನು ಮೂರು ವರ್ಷ 8 ಜಿಬಿಯಲ್ಲೇ ಮಾಡಿದೆ. ಎಮ್ಯುಲೇಟರ್ ಬಿಟ್ಟು ಫೋನನ್ನೇ ಯುಎಸ್‌ಬಿಗೆ ಹಾಕಿಕೊಳ್ಳಿ, ಬೇರೆ ಕೆಲಸಕ್ಕೆ ಹೋಗುವಾಗ ಡೀಮನ್ ಸ್ಟಾಪ್ ಮಾಡಿ.

ಎರಡನೆಯದು ಅಪ್‌ಗ್ರೇಡ್. ಇದು ನನಗೆ ತುಂಬಾ ಬೇಜಾರು ತರಿಸುತ್ತದೆ. ಗ್ರೇಡಲ್ ವರ್ಷನ್, ಆಂಡ್ರಾಯ್ಡ್ ಪ್ಲಗಿನ್ ವರ್ಷನ್, ಜಾವಾ ವರ್ಷನ್, ಕಾಟ್ಲಿನ್ ವರ್ಷನ್, ನಾಲ್ಕೂ ಹೊಂದಬೇಕು. 2023ರಲ್ಲಿ ಆಂಡ್ರಾಯ್ಡ್ ಪ್ಲಗಿನ್ 8.0 ಬಂದಾಗ ಜಾವಾ 17 ಕಡ್ಡಾಯ ಆಯಿತು. ಅದಕ್ಕೂ ಮುಂಚೆ 2021ರಲ್ಲಿ ಜೆಸೆಂಟರ್ ಮುಚ್ಚುತ್ತೇವೆ ಅಂತ ಹೇಳಿದರು, ನನ್ನ ಹಳೆಯ ಆಪ್‌ಗಳೆಲ್ಲ ಅಲ್ಲಿಂದಲೇ ಲೈಬ್ರರಿ ತರಿಸುತ್ತಿದ್ದವು. ಒಂದು ಆಪ್ ಎರಡು ವರ್ಷ ಮುಟ್ಟದೆ ಇಟ್ಟು ಆಮೇಲೆ ತೆರೆದರೆ, ಬಿಲ್ಡ್ ಆಗುವ ಹಾಗೆ ಮಾಡಲೇ ಒಂದು ದಿನ ಬೇಕು. ಅದಕ್ಕೆ ಪ್ರಾಜೆಕ್ಟ್ ಜೊತೆ ಬರುವ ರ‍್ಯಾಪರ್ ಫೈಲುಗಳನ್ನು ತಪ್ಪದೆ ಗಿಟ್‌ಗೆ ಹಾಕಿ, ಆ ಪ್ರಾಜೆಕ್ಟಿಗೆ ಬೇಕಾದ ಗ್ರೇಡಲ್ಲೇ ಇಳಿಯುತ್ತದೆ.

ಮೂರನೆಯದು, ಬಿಲ್ಡ್ ಫೈಲೇ ಒಂದು ಪ್ರೋಗ್ರಾಂ. ಗ್ರೂವಿ ಅಥವಾ ಕಾಟ್ಲಿನ್‌ನಲ್ಲಿ ಏನು ಬೇಕಾದರೂ ಬರೆಯಬಹುದು. ಶಿಸ್ತು ಇಲ್ಲದಿದ್ದರೆ ಮತ್ತೆ ನಿಮ್ಮ 1,140 ಸಾಲಿನ ಆಂಟ್ ಫೈಲೇ ಹೊಸ ಭಾಷೆಯಲ್ಲಿ ಹುಟ್ಟುತ್ತದೆ.

---

ಶಿರಾಗೇಟ್_ಸರ್ವರ್ (ತುಮಕೂರು)

@ನಂದಿ_ತಪ್ಪಲು ಸರ್, ಮೂರನೆಯ ಮಾತಿಗಾಗಿಯೇ ನಾನು ಮೇವನ್ ಅಂದಿದ್ದು. ಜೆಸೆಂಟರ್ ಥರದ್ದು ಮೇವನ್‌ನವರಿಗೂ ಆಗಿದೆ ಅಂತ ಸೇರಿಸಬೇಕು. 2020ರ ಜನವರಿ 15ರಿಂದ ಮೇವನ್ ಸೆಂಟ್ರಲ್ (ಮೇವನ್ ಜಾರ್‌ಗಳನ್ನು ತರಿಸುವ ಸರ್ವರ್) ಸುರಕ್ಷಿತವಲ್ಲದ ಹಳೆಯ ಎಚ್‌ಟಿಟಿಪಿಯಲ್ಲಿ ಕೊಡುವುದನ್ನು ನಿಲ್ಲಿಸಿತು. ಹಳೆಯ ಪಾಮ್ ಫೈಲುಗಳು 501 ಎರರ್ ಕೊಟ್ಟು ನಿಂತವು. ಸಂಕ್ರಾಂತಿ ರಜೆಯಲ್ಲಿ ಊರಲ್ಲಿದ್ದೆ, ಫೋನ್ ಮೇಲೆ ಫೋನ್. ಬಿಲ್ಡ್ ಹೊರಗಿನವರ ಸರ್ವರ್ ಮೇಲೆ ನಿಂತಿದೆ ಅನ್ನುವುದು ಅವತ್ತು ನನಗೆ ನಾಟಿತು.

---

ಬಂಗಾರಪೇಟೆ_ಬೋರ್ಡ್ (ಕೋಲಾರ)

ಜಾವಾದವರ ಮಧ್ಯೆ ಸಿ ಬರೆಯುವವನು ಬಂದಿದ್ದೇನೆ. ಹಾಲಿನ ಡೇರಿಗಳಲ್ಲಿ ಇಡುವ ತೂಕದ ಯಂತ್ರಗಳಿಗೆ ಫರ್ಮ್‌ವೇರ್ (ಯಂತ್ರದೊಳಗೇ ಓಡುವ ಪ್ರೋಗ್ರಾಂ) ಬರೆಯುವುದು ನನ್ನ ಕೆಲಸ. ಇಲ್ಲಿ ಇನ್ನೂ ಮೇಕ್ ಅನ್ನುವ ಬಿಲ್ಡ್ ಟೂಲೇ.

ಮೇಕ್ 1976ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ ಬರೆದಿದ್ದು. ಸುಮಾರು ಐವತ್ತು ವರ್ಷ ಆದರೂ ನಾನು ಬಿಟ್ಟಿಲ್ಲ, ಏಕೆಂದರೆ ಅದರ ಒಳಗಿನ ವಿಚಾರ ಒಂದೇ ಸಾಲಿನದು: ಈ ಫೈಲ್ ಆಗಬೇಕಾದರೆ ಆ ಫೈಲ್ ಬೇಕು, ಅದು ಹೊಸದಾಗಿದ್ದರೆ ಈ ಕಮಾಂಡ್ ಓಡಿಸು. ರ‍್ಯಾಮ್ ಬೇಡ, ನೆಟ್ ಬೇಡ. ಜಾವಾಗೆ ಮಾತ್ರ ಬೇಡ, ಒಂದು ಜಾವಾ ಫೈಲಿನಿಂದ ಹಲವು ಕ್ಲಾಸ್ ಫೈಲ್ ಹುಟ್ಟುತ್ತವೆ, ಮೇಕ್‌ನ ಲೆಕ್ಕಕ್ಕೆ ಅದು ಹೊಂದುವುದಿಲ್ಲ. ಜಾರ್ ತರಿಸುವುದಂತೂ ಇಲ್ಲವೇ ಇಲ್ಲ.

ಆದರೆ ಟೈಮ್ ನಂಬುವ ಟೂಲ್ ಹೇಗೆ ಕೈ ಕೊಡುತ್ತದೆ ಅಂತ ಹೇಳಲೇಬೇಕು, ನಿಮ್ಮ ಸೆಸ್ ಕಥೆಯ ಅಣ್ಣ ಇದು. ನಮ್ಮಲ್ಲಿ ಒಂದು ಹಳೆಯ ಡೆಸ್ಕ್‌ಟಾಪ್ ಇತ್ತು, ಮದರ್‌ಬೋರ್ಡಿನ ಸಣ್ಣ ಬ್ಯಾಟರಿ ಸತ್ತಿತ್ತು. ಕರೆಂಟ್ ಹೋಗಿ ಬಂದಾಗ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತಿತ್ತು. ಒಂದು ದಿನ ತೂಕದ ಕ್ಯಾಲಿಬ್ರೇಷನ್ ತಿದ್ದಿ ಸೇವ್ ಮಾಡಿದೆ. ಸೇವ್ ಆದ ಟೈಮ್ ಹಳೆಯ ವರ್ಷದ್ದು. ಮೇಕ್ ಓಡಿಸಿದರೆ ಎಲ್ಲ ಅಪ್ ಟು ಡೇಟ್ ಅಂದಿತು. ನಾನು ಅದನ್ನೇ ಬೋರ್ಡಿಗೆ ಹಾಕಿದೆ, ತಿದ್ದಿದ ಕೋಡ್ ಒಳಗೆ ಹೋಗಿರಲೇ ಇಲ್ಲ. ಹಾಲಿನ ತೂಕದ ವಿಷಯ ಇದು, ಹತ್ತು ಗ್ರಾಂ ಹೆಚ್ಚು ಕಡಿಮೆ ಆದರೂ ಅದು ಯಾರದೋ ಮನೆಯ ದುಡ್ಡು. ಪುಣ್ಯಕ್ಕೆ ಟೆಸ್ಟ್ ತೂಕದ ಕಲ್ಲು ಇಟ್ಟು ನೋಡಿದಾಗಲೇ ಸಿಕ್ಕಿತು. ಅವತ್ತಿನಿಂದ ಹೊರಗೆ ಹೋಗುವ ಫರ್ಮ್‌ವೇರ್ ಅಂದರೆ ಕ್ಲೀನ್ ಬಿಲ್ಡೇ.

ಸಾಲಿನ ಆರಂಭದಲ್ಲಿ ಟ್ಯಾಬ್ ಬದಲು ಸ್ಪೇಸ್ ಹಾಕಿದರೆ ಮೇಕ್ ನಿಲ್ಲುತ್ತದೆ, ಹೆಡರ್ ಫೈಲುಗಳ ಸಂಬಂಧ ತಾನಾಗಿ ತಿಳಿಯುವುದಿಲ್ಲ, ಕಂಪೈಲರ್‌ನಿಂದಲೇ ಬರೆಸಿಕೊಳ್ಳಬೇಕು. ಹೊಸ ಬೋರ್ಡುಗಳಿಗೆ ಸಿಮೇಕ್ ಮತ್ತು ನಿಂಜಾ ಜೋಡಿ ಬಳಸುತ್ತಿದ್ದೇನೆ. ಸಿಮೇಕ್ ತಾನು ಕಂಪೈಲ್ ಮಾಡುವುದಿಲ್ಲ, ನಿಂಜಾಗೆ ಬೇಕಾದ ಫೈಲ್ ಬರೆದುಕೊಡುತ್ತದೆ. ವೇಗ ಚೆನ್ನಾಗಿದೆ. ಸಿಮೇಕ್‌ನ ಭಾಷೆ ಮಾತ್ರ ನನಗೆ ಇನ್ನೂ ನಾಲಿಗೆಗೆ ಹತ್ತಿಲ್ಲ.

---

ಬೆಳಗಿನ_ರೈಲು (ತುಮಕೂರು–ಬೆಂಗಳೂರು)

ದಿನಾ ತುಮಕೂರಿನಿಂದ ರೈಲಿನಲ್ಲಿ ಬೆಂಗಳೂರಿಗೆ ಹೋಗುವವನು, ಆಫೀಸಿನಲ್ಲಿ ಬೇಜಲ್ ಬಳಸುತ್ತೇವೆ. ಕ್ಯಾತ್ಸಂದ್ರ ದಾಟಿತು, ಸಿಗ್ನಲ್ ಇರುವಾಗಲೇ ಬರೆಯುತ್ತೇನೆ.

ಗೂಗಲ್ ತನ್ನ ಒಳಗಿನ ಟೂಲನ್ನು 2015ರಲ್ಲಿ ಬೇಜಲ್ ಅಂತ ಹೊರಗೆ ಬಿಟ್ಟಿತು, 1.0 ಬಂದಿದ್ದು 2019ರಲ್ಲಿ. ಅದರ ಹಟ ಏನೆಂದರೆ, ನೀವು ಹೇಳದೇ ಇರುವ ಯಾವ ಫೈಲನ್ನೂ ಅದು ಮುಟ್ಟಲು ಬಿಡುವುದಿಲ್ಲ. ಲಿನಕ್ಸ್‌ನಲ್ಲಿ ಪ್ರತಿ ಹೆಜ್ಜೆಯನ್ನೂ ಒಂದು ಮುಚ್ಚಿದ ಕೋಣೆಯಲ್ಲಿ ಓಡಿಸುತ್ತದೆ. ನಿಮ್ಮ ಡಿ ಡ್ರೈವ್ ಪಾತ್ ಅಲ್ಲಿ ಮೊದಲ ದಿನವೇ ಸಿಕ್ಕಿಬೀಳುತ್ತಿತ್ತು. ಹಾಗೆ ಕಟ್ಟುನಿಟ್ಟಾಗಿ ಇರುವುದರಿಂದಲೇ ಒಬ್ಬರು ಬಿಲ್ಡ್ ಮಾಡಿದ್ದನ್ನು ನೂರು ಜನ ಕ್ಯಾಶ್‌ನಿಂದ ನಂಬಿ ಎತ್ತಿಕೊಳ್ಳಬಹುದು. ನಮ್ಮಲ್ಲಿ ಜಾವಾ, ಗೋ, ಪೈಥಾನ್ ಎಲ್ಲ ಒಂದೇ ರೆಪೋದಲ್ಲಿ (ಕೋಡ್ ಇಡುವ ಜಾಗ) ಇವೆ, ಅಲ್ಲಿ ಇದಿಲ್ಲದೆ ನಡೆಯುವುದಿಲ್ಲ.

ಆದರೆ ಅದನ್ನು ನೋಡಿಕೊಳ್ಳಲು ನಮ್ಮಲ್ಲಿ ಬೇರೆಯೇ ಒಂದು ಟೀಮ್ ಇದೆ. ಪ್ರತಿ ಫೋಲ್ಡರಿಗೂ ಒಂದು ಬಿಲ್ಡ್ ಫೈಲ್ ಬರೆಯಬೇಕು. ಹೊರಗಿನ ಲೈಬ್ರರಿ ಹೇಳುವ ಹಳೆಯ ವರ್ಕ್‌ಸ್ಪೇಸ್ ಪದ್ಧತಿಯನ್ನು 2024ರ ಕೊನೆಗೆ ಬಂದ ಬೇಜಲ್ 8ರಲ್ಲಿ ಆಫ್ ಮಾಡಿಯೇ ಕೊಟ್ಟರು, ಮಾಡ್ಯೂಲ್ ಪದ್ಧತಿಗೆ ಬದಲಾಯಿಸಲು ನಮ್ಮವರು ತಿಂಗಳುಗಟ್ಟಲೆ ಕೂತರು. ಮೂರು ಜನರಿಗೆ ಇದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ನಿಮ್ಮ ಗೆಳೆಯನಿಗೆ ಪ್ರೀತಿಯಿಂದ ಬೇಡ ಅನ್ನಿ.

ಇಂಟರ್ನ್ ಹುಡುಗಿಯ ಪ್ರಶ್ನೆ ಒಳ್ಳೆಯ ಪ್ರಶ್ನೆ. ಜೆಂಕಿನ್ಸ್ ಕಂಪೈಲ್ ಮಾಡುವುದಿಲ್ಲ. ಕೋಡ್ ಬಂತಾ ಅಂತ ನೋಡುತ್ತದೆ, ಮೇವನ್ನನ್ನೋ ಗ್ರೇಡಲ್ಲನ್ನೋ ಕರೆಯುತ್ತದೆ, ಫೇಲ್ ಆದರೆ ಎಲ್ಲರಿಗೂ ತಿಳಿಸುತ್ತದೆ. ನಿಮ್ಮ ಈಗಿನ ಆಂಟ್ ಫೈಲನ್ನೇ ಅದರ ಕೈಗೆ ಕೊಟ್ಟಿದ್ದರೆ, ಹಳೆಯ ಕ್ಲಾಸ್ ಫೈಲುಗಳು ಅದೇ ಫೋಲ್ಡರಿನಲ್ಲಿ ಉಳಿದಿದ್ದರೆ, ಅದೇ ತಪ್ಪು ಸೆಸ್ ದರವನ್ನು ದಿನಾ ರಾತ್ರಿ ತಪ್ಪದೆ ಬಿಲ್ಡ್ ಮಾಡುತ್ತಿತ್ತು. ಆದರೂ ಬೇಕು, ಏಕೆಂದರೆ ಅದು ಯಾರ ಲ್ಯಾಪ್‌ಟಾಪೂ ಅಲ್ಲ. ಗಿಟ್‌ಹಬ್‌ನಲ್ಲಿ ಕೋಡ್ ಇದ್ದರೆ ಅಲ್ಲಿನ ಆಕ್ಷನ್ಸ್ ಸೇವೆ ಸಾಕು, ಪ್ರತಿ ಸಲ ಖಾಲಿ ಮೆಷಿನ್ ಕೊಡುತ್ತದೆ, ಜೆಂಕಿನ್ಸ್‌ಗಾದರೆ ಒಂದು ಕಂಪ್ಯೂಟರ್ ಇಟ್ಟು ಅದರ ಪ್ಲಗಿನ್‌ಗಳನ್ನು ಅಪ್‌ಡೇಟ್ ಮಾಡುತ್ತಾ ಇರಬೇಕು.

---

ಕಲ್ಪತರು_ಕೋಡ್ (ತುಮಕೂರು)

ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ಶಿರಾಗೇಟ್ ಮೇಡಂ, ಹಳೆಯ ಬಿಲ್ಡಿನ ಪ್ರಿಂಟ್ ಕ್ಲಾಸನ್ನು ಬಿಚ್ಚಿ ನೋಡಿದೆ. ನೀವು ಹೇಳಿದ ಹಾಗೇ ಹಳೆಯ ದರ ಒಳಗೆ ಕೂತಿತ್ತು. ಯಜಮಾನರಿಗೆ ಖುದ್ದಾಗಿ ಹೋಗಿ ವಿವರಿಸಿ ಬಂದೆ, ತಪ್ಪು ಚೀಟಿಗಳನ್ನೆಲ್ಲ ಬದಲಾಯಿಸಿ ಕೊಟ್ಟಿದ್ದೇವೆ.

ಮೂರು ವಾರ ಕೂತು ಸರ್ವರ್ ಮತ್ತು ಡೆಸ್ಕ್‌ಟಾಪ್ ಮೇವನ್‌ಗೆ ತಂದೆವು. ಆಪ್ ಗ್ರೇಡಲ್‌ನಲ್ಲೇ ಇದೆ. 64 ಜಾರ್‌ಗಳಲ್ಲಿ 19 ಯಾರೂ ಬಳಸುತ್ತಲೇ ಇರಲಿಲ್ಲ. 41 ಸೆಂಟ್ರಲ್‌ನಲ್ಲಿ ಸಿಕ್ಕವು. ಒಂದು ಚೀಟಿ ಪ್ರಿಂಟರ್ ಕಂಪನಿಯವರು ಸಿಡಿಯಲ್ಲಿ ಕೊಟ್ಟಿದ್ದು. ಉಳಿದ ಮೂರು ಏನು, ಯಾವ ವರ್ಷನ್ ಅಂತಲೇ ಗೊತ್ತಾಗುತ್ತಿಲ್ಲ, ತೆಗೆದರೆ ರಿಪೋರ್ಟ್ ಬರುವುದಿಲ್ಲ. ಇವಕ್ಕೆ ಏನು ಮಾಡಲಿ?

---

ಶಿರಾಗೇಟ್_ಸರ್ವರ್ (ತುಮಕೂರು)

ಭಲೇ! ಪ್ರಿಂಟರ್ ಜಾರ್‌ಗೆ ಪಾಮ್‌ನಲ್ಲಿ ಸಿಸ್ಟಂ ಸ್ಕೋಪ್ ಹಾಕಿ ಪಾತ್ ಬರೆಯಬೇಡಿ, ಮತ್ತೆ ಡಿ ಡ್ರೈವ್ ಕಥೆ ಶುರುವಾಗುತ್ತದೆ. ಪ್ರಾಜೆಕ್ಟ್ ಒಳಗೇ ಒಂದು ಫೋಲ್ಡರನ್ನು ರೆಪೋ ಥರ ಮಾಡಿ ಅದರಲ್ಲಿಟ್ಟು ಗಿಟ್‌ಗೆ ಹಾಕಿ.

ಆ ಮೂರಕ್ಕೆ ಒಂದು ದಾರಿ ಇದೆ. ವಿಂಡೋಸ್‌ನಲ್ಲಿ ಸರ್ಟ್‌ಯುಟಿಲ್ ಕಮಾಂಡ್ ಕೊಟ್ಟು ಜಾರ್‌ನ ಎಸ್‌ಎಚ್‌ಎ-1 ಹ್ಯಾಶ್ ತೆಗೆಯಿರಿ. ಮೇವನ್ ಸೆಂಟ್ರಲ್‌ನಲ್ಲಿ ಹೆಸರಿನ ಬದಲು ಆ ಸಂಖ್ಯೆ ಹಾಕಿಯೂ ಹುಡುಕಬಹುದು. ಜಾರ್‌ಗೆ ಯಾರೋ ಬೇರೆ ಹೆಸರಿಟ್ಟಿದ್ದರೂ ಒಳಗಿನದು ಬದಲಾಗಿಲ್ಲ ಅಂದರೆ ಸಿಕ್ಕೇ ಸಿಗುತ್ತದೆ.

---

ಕಲ್ಪತರು_ಕೋಡ್ (ತುಮಕೂರು)

ಎರಡು ಸಿಕ್ಕವು ಮೇಡಂ! ಎರಡೂ ಪಿಡಿಎಫ್ ಲೈಬ್ರರಿಯ ಹಳೆಯ ವರ್ಷನ್, ಯಾರೋ ಹೆಸರು ಬದಲಾಯಿಸಿ ಇಟ್ಟಿದ್ದರು. ಮೂರನೆಯದನ್ನು ಬಿಚ್ಚಿ ನೋಡಿದರೆ ಒಳಗೆ ಒಂದೇ ಕ್ಲಾಸ್, ಮೊತ್ತವನ್ನು ಕನ್ನಡ ಅಕ್ಷರದಲ್ಲಿ ಬರೆಯುವುದು, ನಮ್ಮ ಹಳೆಯ ಸಹೋದ್ಯೋಗಿಯೇ ಬರೆದಿದ್ದು. ಫೋನ್ ಮಾಡಿದೆ. ಸೋರ್ಸ್ ಅವರ ಹತ್ತಿರ ಇನ್ನೂ ಇದೆಯಂತೆ, ಇವತ್ತು ರಾತ್ರಿ ಕಳಿಸುತ್ತೇನೆ ಅಂದಿದ್ದಾರೆ.